ಕಾಡಿನ ಹಕ್ಕಿಗಳ ಲೆಕ್ಕ

ಬಿಳಿಗಿರಿರಂಗನ ಬೆಟ್ಟದ ಕಾಡಿನಲ್ಲಿ ಹಕ್ಕಿಗಳು ಹೆಚ್ಚಿವೆಯೇ, ಕುಗ್ಗಿವೆಯೇ ಎಂದು ಯಾರಾದರೂ ಪ್ರಶ್ನಿಸಿದರೆ, ಯಾವ ಕಾಲಕ್ಕಿಂತ ಎಂದು ನಾವು ಮರುಪ್ರಶ್ನೆ ಹಾಕಬೇಕಾಗುತ್ತದೆ. ಹಿಂದಿನ ಲೆಕ್ಕವಿಲ್ಲದೆ ಇಂದಿನ ಲೆಕ್ಕಕ್ಕೆ ಅರ್ಥವಿಲ್ಲ. ದೈವವಶಾತ್ ಮೈಸೂರು ಸೀಮೆಗೆ ಅಂತಹುದೊಂದು ಆಧಾರವುಂಟು. ಸಂಸ್ಥಾನದ ಆಶ್ರಯದಲ್ಲಿ ಸಾಲಿಂ ಆಲಿಯವರು ೧೯೩೯-೪೦ರಲ್ಲಿ ಇಲ್ಲಿ ಸಂಚರಿಸಿ ನಡೆಸಿದ ಪಕ್ಷಿ ಪರಿಶೀಲನೆಯ ವರದಿಯು ೧೯೪೨ರಿಂದ ಮುಂಬಯಿಯ ಪ್ರಕೃತಿ ವಿಜ್ಞಾನ ಸಂಘದ ಪತ್ರಿಕೆಯಲ್ಲಿ ಭಾಗಭಾಗವಾಗಿ ಪ್ರಕಟವಾಯಿತು. ಆದರೆ ಅದು ಮುಖ್ಯವಾಗಿ ಮಾದರಿಗಳನ್ನು ಸಂಗ್ರಹಿಸಿ ಬರೆದುದು. ಯಾವ ಜಾತಿಗಳು ಎಲ್ಲಿದ್ದುವೆಂಬುದನ್ನು ಅದು ತಿಳಿಸೀತು; ಎಷ್ಟೆಷ್ಟಿದ್ದುವೆಂದು ಎಣಿಸುವುದು ಅದರ ಉದ್ದೇಶವಾಗಿರಲಿಲ್ಲ.

ಎಣಿಸುವ ಕ್ರಮವೇ ಬೇರೆ. ಕಾಡಿನಲ್ಲಿ ಹಲವು ನೆಲೆಗಳನ್ನು ಗೊತ್ತುಮಾಡಿ, ಮುಂಜಾನೆ ಒಂದೊಂದರಲ್ಲಿಯೂ ನಿಗದಿಯಾದಷ್ಟು ನಿಮಿಷ ನಿಶ್ಚಲವಾಗಿ ನಿಂತು, ಕಂಡುದನ್ನೂ ಕೇಳಿದುದನ್ನೂ ದೂರದ ಅಂದಾಜಿನೊಡನೆ ಬರೆದುಕೊಳ್ಳುವುದು. ಮರುವರ್ಷ ಅದೇ ನೆಲೆಗೆ, ಅದೇ ಋತುವಿನಲ್ಲಿ, ಅದೇ ಹೊತ್ತಿಗೆ ಹೋಗುವುದು. ಋತು ತಪ್ಪಿದರೆ ಲೆಕ್ಕವೂ ತಪ್ಪುತ್ತದೆ. ನವರಂಗವು ನಮ್ಮಲ್ಲಿಗೆ ಚಳಿಗಾಲದ ಅತಿಥಿ. ಜನವರಿಯಲ್ಲಿ ಕಂಡ ಆ ಹಕ್ಕಿಯನ್ನು ಜೂನ್ ತಿಂಗಳಿನಲ್ಲಿ ಹುಡುಕಿ, ಕಾಡು ಬರಿದಾಯಿತೆಂದು ಮರುಗಿದರೆ ದೋಷ ಕಾಡಿನದಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದ ತೊಡಕನ್ನು ಲಂಟಾನ ತಂದೊಡ್ಡಿದೆ. ಉದ್ಯಾನಗಳ ಅಂದಕ್ಕೆಂದು ಹೊರದೇಶದಿಂದ ತಂದ ಗಿಡವಿದು! ಬಿಳಿಗಿರಿಯ ಕಾಡಿನಲ್ಲಿ ಪರೀಕ್ಷೆಗೆ ಗುರುತಿಸಿದ ತುಂಡುಗಳ ಪೈಕಿ ೧೯೯೭ರಲ್ಲಿ ನೂರಕ್ಕೆ ೪೧ರಲ್ಲಿದ್ದ ಈ ಪೊದೆ, ೨೦೦೮ರ ವೇಳೆಗೆ ೮೧ರಲ್ಲಿ ಕಾಣಿಸಿಕೊಂಡಿತು. ಪೊದೆ ದಟ್ಟವಾದಲ್ಲಿ ನೆಲದ ಹಕ್ಕಿ ಕಣ್ಣಿಗೆ ಬೀಳದು. ಕಾಣದುದೆಲ್ಲವೂ ಇಲ್ಲದುದೆಂದು ಬರೆದುಕೊಳ್ಳಬಹುದೆ? ಆದಕಾರಣವೇ ದೂರವನ್ನು ಗುರುತುಮಾಡಿಕೊಳ್ಳುವುದು. ದೂರ ಹೆಚ್ಚಿದಂತೆ ಹಕ್ಕಿಗಳು ಎಷ್ಟು ಬೇಗ ಮರೆಯಾಗುತ್ತವೆಂಬುದನ್ನು ಹಿಡಿದು, ನಮ್ಮ ಕಣ್ಣಿಗೆ ತಪ್ಪಿದುವೆಷ್ಟೆಂಬುದನ್ನು ಗಣಿತವು ಅಂದಾಜು ಮಾಡಿಕೊಡುತ್ತದೆ.

ಜಾತಿಗಳ ಒಟ್ಟು ಸಂಖ್ಯೆಯೂ ನಮ್ಮನ್ನು ವಂಚಿಸಬಲ್ಲುದು. ಮರಕುಟಿಗವೂ ಮಂಗಟ್ಟೆಯೂ ಹೋಗಿ, ಕಾಗೆಯೂ ಮೈನಾವೂ ಬಂದರೆ ಮೊತ್ತ ಹಾಗೆಯೇ ಇದ್ದೀತು. ಕಾಡು ಮಾತ್ರ ಬೇರೆಯಾಗಿರುತ್ತದೆ. ಮರಕುಟಿಗವು ಕೊರೆದುಬಿಟ್ಟ ಪೊಟರೆಯಲ್ಲಿ ಇತರ ಹಕ್ಕಿಗಳೂ ಗೂಡುಮಾಡುವುದರಿಂದ ಆ ನಷ್ಟವು ಒಂದು ಜಾತಿಗೇ ನಿಲ್ಲದು.

ಭಾರತದ ಪಕ್ಷಿಗಳ ಸ್ಥಿತಿಗತಿಯನ್ನು ಕುರಿತು ೨೦೨೩ರಲ್ಲಿ ಹೊರಬಂದ ವರದಿಯು, ದೀರ್ಘಕಾಲದ ಏರಿಳಿತವನ್ನು ನಿರ್ಣಯಿಸಲು ಸಾಕಷ್ಟು ಆಧಾರ ದೊರೆತ ೩೩೮ ಜಾತಿಗಳಲ್ಲಿ ನೂರಕ್ಕೆ ೬೦ ಇಳಿಮುಖವಾಗಿವೆಯೆನ್ನುತ್ತದೆ. ಅದಕ್ಕೆ ಆಧಾರವಾದುವು ಸಾವಿರಾರು ಹವ್ಯಾಸಿಗಳ ಪಟ್ಟಿಗಳು. ಶ್ರೋತೃಗಳಲ್ಲಿ ಯಾರಾದರೂ ಇಂತಹ ಪಟ್ಟಿಯನ್ನು ಬರೆಯಹೊರಟರೆ ನಮ್ಮದೊಂದು ಬಿನ್ನಹ: ಕಾಗೆಯನ್ನೇನು ಬರೆಯುವುದೆಂದು ಬಿಡಬೇಡಿ. ಕಂಡುದೆಲ್ಲವನ್ನೂ, ನಿಂತ ಹೊತ್ತನ್ನೂ ನಮೂದಿಸಿದ ಪಟ್ಟಿಯೇ ಎಣಿಕೆಗಾರರಿಗೆ ಬೇಕಾದುದು.