ನೀರುಳ್ಳಿ ಬಳೆ ಗರಿಗರಿಯಾಗಬೇಕಾದರೆ

(ಕೊಪ್ಪ, ಶೃಂಗೇರಿ ಮತ್ತು ನರಸಿಂಹರಾಜಪುರ ತಾಲ್ಲೂಕುಗಳ ರೈತ ಮಹಿಳೆಯರು ಹಾಗೂ ವಿಸ್ತರಣಾ ಕಾರ್ಯಕರ್ತರ ತರಬೇತಿಯಲ್ಲಿ ಮಾಡಿದ ಭಾಷಣ)



ಬೇಸಾಯಶಾಸ್ತ್ರ ಬೋಧಿಸುವವನು ಬಾಣಲೆಯ ವಿಷಯ ಹೇಳಲು ನಿಂತಿದ್ದಾನೆಂದು ಕೆಲವರಿಗೆ ನಗು ಬರಬಹುದು. ಬರಲಿ. ಆದರೆ ವಿಷಯ ಅಷ್ಟು ಹಗುರವಾದುದಲ್ಲ. ಈ ಮೂರು ತಾಲ್ಲೂಕುಗಳಲ್ಲಿ ಅಡಿಕೆಯ ಹಳದಿ ಎಲೆ ರೋಗ ಹಲವು ದಶಕಗಳಿಂದ ತೋಟಗಳನ್ನು ತಿನ್ನುತ್ತ ಬಂದಿದೆ. ರೋಗ ತಗಲಿದ ಮರವನ್ನು ಗುಣಪಡಿಸುವ ಔಷಧಿ ಇಂದಿಗೂ ನಮ್ಮ ಕೈಯಲ್ಲಿಲ್ಲ. ಇತ್ತೀಚಿನ ವರ್ಷಗಳಲ್ಲಿ ಎಲೆಚುಕ್ಕಿ ರೋಗವೂ ಅದರೊಡನೆ ಸೇರಿಕೊಂಡಿದೆ. ಫಸಲು ಇಳಿದ ಮನೆಗಳ ಹೆಣ್ಣುಮಕ್ಕಳು ಹೋಂಸ್ಟೇ ಅಡಿಗೆ, ರಸ್ತೆ ಬದಿಯ ಕಾಫಿ ಅಂಗಡಿ, ಸ್ವಸಹಾಯ ಸಂಘದ ತಿಂಡಿ ಮಾರಾಟ ಎಂದು ಏನಾದರೊಂದು ದಾರಿ ಹುಡುಕುತ್ತಿದ್ದಾರೆ. ಶೃಂಗೇರಿಗೆ ವರ್ಷವಿಡೀ ಯಾತ್ರಿಕರು ಬರುತ್ತಾರೆ. ಮಳೆ ನೋಡಲೆಂದೇ ಬರುವವರೂ ಈಗ ಇದ್ದಾರೆ. ಸಂಜೆಯ ಕಾಫಿಯೊಡನೆ ಬಿಸಿಬಿಸಿ ಕರಿದ ತಿಂಡಿ ಬೇಡವೆನ್ನುವವರು ಅಪರೂಪ. ಆದರೆ ತಟ್ಟೆಗೆ ಬಂದದ್ದು ಮೆತ್ತಗಾಗಿ ಎಣ್ಣೆ ಜಿನುಗುತ್ತಿದ್ದರೆ ಎರಡನೆಯ ತಟ್ಟೆ ಕೇಳುವವರಿಲ್ಲ. ಬಾಣಲೆಯ ಲಾಭ ನಷ್ಟ ನಿಂತಿರುವುದು ಆ ಎರಡನೆಯ ತಟ್ಟೆಯ ಮೇಲೆ.

ಪಟ್ಟಣದ ಹೋಟೆಲುಗಳಲ್ಲಿ ಆನಿಯನ್ ರಿಂಗ್ಸ್ ಎಂದು ಕೊಡುವ ತಿಂಡಿ ನಮ್ಮ ಬಜ್ಜಿಯ ದಾಯಾದಿಯೇ. ಈರುಳ್ಳಿಯನ್ನು ಬಳೆಬಳೆಯಾಗಿ ಬಿಡಿಸಿ, ಹಿಟ್ಟಿನಲ್ಲಿ ಅದ್ದಿ ಕರಿಯುವುದು, ಅಷ್ಟೆ. ಸುಲಭವೆಂದು ಕಾಣುತ್ತದೆ, ಆದರೆ ಬಜ್ಜಿಗಿಂತ ಬೇಗ ಕೆಡುತ್ತದೆ. ಕಾರಣವನ್ನು ತಿಳಿದುಕೊಂಡರೆ ಉಳಿದದ್ದೆಲ್ಲ ತಾನಾಗಿ ತಿಳಿಯುತ್ತದೆ.

ನಮ್ಮ ಕಡೆ ಇದನ್ನು ನೀರುಳ್ಳಿ ಎನ್ನುವುದುಂಟು. ಹೆಸರಿನಲ್ಲೇ ನೀರಿದೆ ಎಂದು ವಿನೋದಕ್ಕೆ ಹೇಳಬಹುದು, ಮಾತು ಮಾತ್ರ ನಿಜ. 100 ಗ್ರಾಂ ಈರುಳ್ಳಿಯಲ್ಲಿ ಸುಮಾರು 86ರಿಂದ 89 ಗ್ರಾಂ ನೀರೇ. ಗರಿಗರಿ ಎಂಬುದು ರುಚಿಯಲ್ಲ, ಮಸಾಲೆಯೂ ಅಲ್ಲ. ಹೊರಗಿನ ಹಿಟ್ಟಿನ ಪದರದಲ್ಲಿ ನೀರಿಲ್ಲದಿರುವ ಸ್ಥಿತಿ. ಒಳಗೆ ಇಷ್ಟು ನೀರಿರುವ ವಸ್ತುವಿನ ಮೇಲೆ ನೀರಿಲ್ಲದ ಪದರ ಕಟ್ಟಬೇಕು, ತಿನ್ನುವವರೆಗೆ ಅದನ್ನು ಹಾಗೆಯೇ ಉಳಿಸಬೇಕು. ಅದೂ ಎಲ್ಲಿ? ವರ್ಷಕ್ಕೆ 3,000 ಮಿಲಿಮೀಟರಿಗೂ ಮೀರಿ ಮಳೆ ಸುರಿಯುವ ಶೃಂಗೇರಿ ಸೀಮೆಯಲ್ಲಿ, ಆಷಾಢದ ಗಾಳಿಯೇ ಒದ್ದೆಯಾಗಿರುವಾಗ. ಬಯಲುಸೀಮೆಯವರ ಪಾಕವಿಧಾನ ಇಲ್ಲಿ ಹಾಗೆಯೇ ನಡೆಯದಿರುವುದು ಇದಕ್ಕಾಗಿಯೇ.

ಮೊದಲು ಗಡ್ಡೆಯ ವಿಚಾರ. ಇಲ್ಲಿ ಮಳೆಗಾಲದಲ್ಲಿ ಈರುಳ್ಳಿ ಬೆಳೆಯಿರೆಂದು ನಾನು ಹೇಳುವುದಿಲ್ಲ. ಹುಳಿ ಮಣ್ಣು, ನಿಂತ ನೀರು, ಎರಡೂ ಅದಕ್ಕೆ ಆಗದು. ನಮಗೆ ಬರುವ ಈರುಳ್ಳಿ ಚಿತ್ರದುರ್ಗ, ದಾವಣಗೆರೆ, ಗದಗ, ಧಾರವಾಡ ಜಿಲ್ಲೆಗಳ ಕಡೆಯದು. ಕೊಳ್ಳುವಾಗ ಎರಡು ಹಂಗಾಮಿನ ವ್ಯತ್ಯಾಸ ತಿಳಿದಿರಬೇಕು. ಮುಂಗಾರಿನಲ್ಲಿ ಬಿತ್ತಿ ಸೆಪ್ಟೆಂಬರಿನಿಂದ ನವೆಂಬರಿನ ತನಕ ಕಿತ್ತ ಗಡ್ಡೆಗೆ ಎಷ್ಟೋ ಸಲ ಮಳೆ ತಾಗಿರುತ್ತದೆ. ಅದರ ಕತ್ತು ದಪ್ಪ, ಹೊರಸಿಪ್ಪೆ ತೆಳು, ತೇವ ಹೆಚ್ಚು. ಹಿಂಗಾರಿನಲ್ಲಿ ಬೆಳೆದು ಮಾರ್ಚ್, ಏಪ್ರಿಲ್ ವೇಳೆಗೆ ಕಿತ್ತು, ಹೊಲದಲ್ಲಿ ಮೂರರಿಂದ ಐದು ದಿನ ಸೊಪ್ಪಿನ ಮರೆಯಲ್ಲಿ ಬಾಡಿಸಿ, ಆಮೇಲೆ ನೆರಳಿನಲ್ಲಿ ಒಣಗಿಸಿದ ಗಡ್ಡೆ ಬಿಗಿಯಾಗಿರುತ್ತದೆ. ಕೈಯಲ್ಲಿ ಹಿಡಿದರೆ ಸಿಪ್ಪೆ ಸರಸರ ಸದ್ದು ಮಾಡಬೇಕು, ಕತ್ತು ಹೆಬ್ಬೆರಳಿಗೆ ಮೆತ್ತಗೆ ಸಿಗಬಾರದು. ಬೆಳೆಯುವ ರೈತರು ಕೇಳುತ್ತಿದ್ದರೆ ಒಂದು ಮಾತು: ಕೊನೆಯಲ್ಲಿ ಸಾರಜನಕ ಸುರಿದು, ಕೀಳುವ ದಿನದವರೆಗೂ ನೀರು ಹಾಯಿಸಿ ತೂಕ ಹೆಚ್ಚಿಸಿದ ಗಡ್ಡೆ ಮೂಟೆಯಲ್ಲಿಯೂ ನಿಲ್ಲುವುದಿಲ್ಲ, ಬಾಣಲೆಯಲ್ಲಿಯೂ ನಿಲ್ಲುವುದಿಲ್ಲ. ಕೀಳುವುದಕ್ಕೆ 10ರಿಂದ 15 ದಿನ ಮೊದಲೇ ನೀರು ನಿಲ್ಲಿಸಬೇಕು.

ಬಳೆಗೆ ದೊಡ್ಡ ಗಡ್ಡೆ ಬೇಕು, ಅದಕ್ಕೆ ಒಂದೇ ತಿರುಳಿರಬೇಕು. ಕೆಲವು ಗಡ್ಡೆಗಳನ್ನು ಅಡ್ಡ ಕೊಯ್ದರೆ ಒಳಗೆ ಎರಡು ಮೂರು ಕಣ್ಣುಗಳಿರುತ್ತವೆ. ಅಂತಹುದರಿಂದ ಪೂರ್ಣ ಬಳೆ ಬರುವುದಿಲ್ಲ, ಸಾರಿಗೆ ಹಾಕಿ. ಬಳ್ಳಾರಿ ಕೆಂಪು ಎಂದು ಮಾರಾಟವಾಗುವ ದಪ್ಪ ಈರುಳ್ಳಿ ಚೆನ್ನಾಗಿ ಆಗುತ್ತದೆ. ಬೆಂಗಳೂರಿನ ಭಾರತೀಯ ತೋಟಗಾರಿಕಾ ಸಂಶೋಧನಾ ಸಂಸ್ಥೆಯ ಅರ್ಕಾ ಕಲ್ಯಾಣ್ ದೊಡ್ಡ ಗಡ್ಡೆಯ ತಳಿ, ಅರ್ಕಾ ನಿಕೇತನ್ ದಾಸ್ತಾನಿಗೆ ಹೆಸರಾದುದು. ಬೆಂಗಳೂರು ಗುಲಾಬಿ ಈರುಳ್ಳಿ ಹೆಸರುವಾಸಿಯಾದರೂ ಗಾತ್ರದಲ್ಲಿ ಚಿಕ್ಕದು, ಈ ಕೆಲಸಕ್ಕೆ ಬಾರದು. ತಂದ ಈರುಳ್ಳಿಯನ್ನು ಗೋಣಿಯಲ್ಲೇ ಬಿಡಬೇಡಿ. ಬಿದಿರಿನ ತಟ್ಟಿಯ ಮೇಲೆ ಒಂದೇ ಪದರವಾಗಿ, ಒಲೆಯ ಬಿಸಿ ತಾಗುವ ಅಟ್ಟದಲ್ಲಿ ಹರಡಿ. ನಮ್ಮ ಹಿರಿಯರು ಹಪ್ಪಳ, ಸಂಡಿಗೆ, ಬಾಳಕದ ಮೆಣಸನ್ನು ಅಲ್ಲಿಡುತ್ತಿದ್ದುದು ಸುಮ್ಮನೆ ಅಲ್ಲ.

ಇನ್ನು ಕೊಯ್ಯುವುದು. ಸಿಪ್ಪೆ ತೆಗೆದು, ಅರ್ಧ ಸೆಂಟಿಮೀಟರಿಗಿಂತ ಸ್ವಲ್ಪ ದಪ್ಪವಾಗಿ ಅಡ್ಡಲಾಗಿ ಕೊಯ್ದು, ಬಳೆಗಳನ್ನು ಬಿಡಿಸಬೇಕು. ತೀರ ತೆಳುವಾದರೆ ಹಿಟ್ಟಿನೊಳಗೆ ಕರಗಿಹೋಗುತ್ತದೆ, ತೀರ ದಪ್ಪವಾದರೆ ಒಳಗಿನ ನೀರು ಹೊರಪದರವನ್ನು ನೆನೆಸಿಬಿಡುತ್ತದೆ. ಪ್ರತಿ ಬಳೆಯ ಒಳಮೈಗೆ ಗಾಜಿನ ಕಾಗದದಂತಹ ತೆಳು ಪೊರೆ ಅಂಟಿಕೊಂಡಿರುತ್ತದೆ. ಅದನ್ನು ಉಗುರಿನಿಂದ ಎಳೆದು ತೆಗೆಯಿರಿ. ಹಿಟ್ಟು ಜಾರಿ ಬಳೆ ಬೇರೆ, ಕವಚ ಬೇರೆ ಆಗುವುದು ಹೆಚ್ಚಾಗಿ ಈ ಪೊರೆಯಿಂದಲೇ. ಬೇಸರದ ಕೆಲಸ, ಒಪ್ಪುತ್ತೇನೆ; ಆದರೆ ಬಿಟ್ಟರೆ ಗೊತ್ತಾಗುತ್ತದೆ.

ಈಗ ಮುಖ್ಯವಾದ ಮಾತು: ಬಳೆಗಳಿಗೆ ಉಪ್ಪು ಹಾಕಬಾರದು. ಪಕೋಡಕ್ಕೆ ನೀವು ಹೆಚ್ಚಿದ ಈರುಳ್ಳಿಗೆ ಉಪ್ಪು ಬೆರೆಸಿ ಹಿಸುಕಿ ಇಡುತ್ತೀರಿ, ಬಿಟ್ಟ ನೀರಿನಲ್ಲೇ ಹಿಟ್ಟು ಕಲಸುತ್ತೀರಿ. ಅಲ್ಲಿ ಅದು ಸರಿ. ಉಪ್ಪು ಜೀವಕೋಶಗಳಿಂದ ನೀರನ್ನು ಹೊರಗೆ ಎಳೆಯುತ್ತದೆ, ಅಡಿಕೆ ಗಿಡದ ಬುಡಕ್ಕೆ ಅತಿಯಾಗಿ ರಸಗೊಬ್ಬರ ಹಾಕಿದರೆ ಬೇರು ಬಾಡುವ ಹಾಗೆಯೇ. ಬಳೆಯಲ್ಲಿ ಈ ನೀರು ನಮಗೆ ಶತ್ರು. ಆದ್ದರಿಂದ ಉಪ್ಪು ಹಿಟ್ಟಿಗೆ ಮಾತ್ರ, ಅದೂ ಕಲಸುವ ಹೊತ್ತಿಗೆ. ಬಳೆಗಳನ್ನು ಉಪ್ಪಿಲ್ಲದ ಮಜ್ಜಿಗೆಯಲ್ಲಿ ಇಪ್ಪತ್ತು ನಿಮಿಷ ನೆನೆಸಿದರೆ ಘಾಟು ಇಳಿಯುತ್ತದೆ. ಆಮೇಲೆ ಬಸಿದು, ಒಣ ಅಕ್ಕಿ ಹಿಟ್ಟಿನಲ್ಲಿ ಹೊರಳಿಸಿ, ಹೆಚ್ಚಿನದನ್ನು ಕೊಡವಿ, ಐದು ನಿಮಿಷ ಬಿಡಿ. ಈ ಒಣ ಹಿಟ್ಟು ಮೇಲಿನ ತೇವವನ್ನು ಹೀರಿ ಮುಂದಿನ ಪದರಕ್ಕೆ ಹಿಡಿತ ಕೊಡುತ್ತದೆ.

ಕಲಸುವ ಹಿಟ್ಟಿಗೆ, ಒಂದು ಕಿಲೊ ಈರುಳ್ಳಿಯ ಲೆಕ್ಕದಲ್ಲಿ, 200 ಗ್ರಾಂ ಕಡಲೆ ಹಿಟ್ಟು, 100 ಗ್ರಾಂ ಅಕ್ಕಿ ಹಿಟ್ಟು ಇರಲಿ. ಮಳೆ ಹಿಡಿದ ದಿನ ಎರಡನ್ನೂ ಸಮಪಾಲು ಮಾಡಿಕೊಳ್ಳಿ. ಅಚ್ಚ ಖಾರದ ಪುಡಿ, ಓಮ, ಉಪ್ಪು ನಿಮ್ಮ ರುಚಿಗೆ. ನೀರು ಸುಮಾರು 300 ಮಿಲಿಲೀಟರ್. ಸ್ವಲ್ಪ ಸ್ವಲ್ಪವಾಗಿ ಹಾಕುತ್ತ, ಹಿಟ್ಟು ಸೌಟಿನ ಬೆನ್ನಿಗೆ ಹಿಡಿದು ನಿಧಾನವಾಗಿ ಇಳಿಯುವಾಗ ನಿಲ್ಲಿಸಿ. ಅಕ್ಕಿ ಹಿಟ್ಟಿಗೆ ಇಲ್ಲಿ ವಿಶೇಷ ಸ್ಥಾನವಿದೆ. ಅದರ ಪಿಷ್ಟ ನೀರು ಕಳೆದುಕೊಂಡಾಗ ಗಟ್ಟಿಯಾಗಿ, ಮುರಿದರೆ ಸದ್ದು ಬರುವ ಪದರವಾಗುತ್ತದೆ, ಎಣ್ಣೆಯನ್ನೂ ಕಡಿಮೆ ಹೀರುತ್ತದೆ. ಗೋಧಿಯ ಮೈದಾದಲ್ಲಿ ಅಂಟುಗುಣದ ಗ್ಲುಟೆನ್ ಇದೆ. ಹೆಚ್ಚು ಕಲಸಿದಷ್ಟೂ ಅದು ಬಲಿತು ಪದರ ತೊಗಲಿನಂತಾಗುತ್ತದೆ. ಅಂಗಡಿಯ ಮೈದಾಕ್ಕಿಂತ ನಿಮ್ಮ ಗದ್ದೆಯ ಅಕ್ಕಿಯೇ ಇಲ್ಲಿ ಮೇಲು. ಆದರೆ ಹೊಸ ಅಕ್ಕಿ ಅಂಟು, ಕುಚ್ಚಲು ಬೇಡ. ಒಂದು ವರ್ಷ ಹಳೆಯ ಬೆಳ್ತಿಗೆ ಅಕ್ಕಿಯನ್ನು ತೊಳೆದು ಒಣಗಿಸಿ ನುಣ್ಣಗೆ ಬೀಸಿಸಿ. ಮಳೆಗಾಲದಲ್ಲಿ ಡಬ್ಬದ ಹಿಟ್ಟೂ ತೇವ ಎಳೆದಿರುತ್ತದೆ, ಬಳಸುವ ಮುನ್ನ ದಪ್ಪ ತಳದ ಪಾತ್ರೆಯಲ್ಲಿ ಬಣ್ಣ ತಿರುಗದ ಹಾಗೆ ಬೆಚ್ಚಗೆ ಮಾಡಿ ಆರಿಸಿಕೊಳ್ಳಿ. ಸೋಡಾ ಬೇಡವೆಂದೇ ನನ್ನ ಅಭಿಪ್ರಾಯ. ಉಬ್ಬಿದಂತೆ ಕಂಡರೂ ಆ ರಂಧ್ರಗಳೆಲ್ಲ ಎಣ್ಣೆಯಿಂದ ತುಂಬಿಕೊಳ್ಳುತ್ತವೆ. ಇನ್ನೂ ಗರಿ ಬೇಕೆನ್ನುವವರು, ಹಿಟ್ಟಿನಲ್ಲಿ ಅದ್ದಿದ ಬಳೆಯನ್ನು ಚಿರೋಟಿ ರವೆಯಲ್ಲಿ ಒಮ್ಮೆ ಹೊರಳಿಸಬಹುದು.

ಎಣ್ಣೆಯ ಉಷ್ಣತೆ 170ರಿಂದ 180 ಡಿಗ್ರಿ ಸೆಂಟಿಗ್ರೇಡ್ ಇರಬೇಕು. ಉಷ್ಣಮಾಪಕ ಇಲ್ಲದವರು ಒಂದು ತೊಟ್ಟು ಹಿಟ್ಟು ಬಿಟ್ಟು ನೋಡಿ. ತಳದಲ್ಲೇ ಕುಳಿತರೆ ಎಣ್ಣೆ ಕಾದಿಲ್ಲ. ಮುಳುಗಿ ಕೂಡಲೇ ಮೇಲೆದ್ದರೆ ಸರಿ. ಬಿದ್ದೊಡನೆ ಕಂದಾದರೆ ಹೆಚ್ಚಾಯಿತು. ನೀರು 100 ಡಿಗ್ರಿಗೆ ಆವಿಯಾಗುತ್ತದೆ. ಬಳೆ ಹಾಕಿದೊಡನೆ ಏಳುವ ಗುಳ್ಳೆಗಳು ಆ ಆವಿಯೇ. ಆವಿ ರಭಸವಾಗಿ ಹೊರಗೆ ನುಗ್ಗುತ್ತಿರುವಷ್ಟು ಹೊತ್ತು ಎಣ್ಣೆ ಒಳಗೆ ಹೋಗಲಾರದು. ಎಣ್ಣೆ ತಣ್ಣಗಿದ್ದರೆ ಆವಿಯ ಬಲ ಸಾಲದೆ ಹಿಟ್ಟು ಎಣ್ಣೆ ಕುಡಿಯುತ್ತದೆ. ಆದಕಾರಣ ಬಾಣಲೆ ತುಂಬ ತುರುಕಬೇಡಿ, ಒಮ್ಮೆಗೆ ನಾಲ್ಕೈದು ಬಳೆ ಸಾಕು. ಎರಡು ಮೂರು ನಿಮಿಷದಲ್ಲಿ ಗುಳ್ಳೆಯ ಸದ್ದು ಇಳಿಯುತ್ತದೆ. ಬಣ್ಣಕ್ಕಿಂತ ಈ ಸದ್ದನ್ನು ನಂಬಿ. ಗಾಣದ ಕೊಬ್ಬರಿ ಎಣ್ಣೆ ಸುಮಾರು 175 ಡಿಗ್ರಿಯಲ್ಲೇ ಹೊಗೆಯಾಡಲು ತೊಡಗುವುದರಿಂದ ಈ ಕೆಲಸಕ್ಕೆ ಶುದ್ಧೀಕರಿಸಿದ ಶೇಂಗಾ ಎಣ್ಣೆಯೋ ಅಕ್ಕಿ ತೌಡಿನ ಎಣ್ಣೆಯೋ ಮೇಲು. ಎಣ್ಣೆಗೆ ಬೆಂಕಿ ಹತ್ತಿದರೆ ನೀರು ಎರಚಲೇಬೇಡಿ. ಒಲೆ ಆರಿಸಿ ಮುಚ್ಚಳ ಮುಚ್ಚಿ.

ಹೋಂಸ್ಟೇ ನಡೆಸುವವರಿಗೆ ಒಂದು ಉಪಾಯವಿದೆ. ಮೊದಲು ಸುಮಾರು 160 ಡಿಗ್ರಿಯಲ್ಲಿ ಬಣ್ಣ ಬರುವ ಮುನ್ನವೇ ತೆಗೆದಿಟ್ಟು, ಅತಿಥಿಗಳು ಕುಳಿತ ಮೇಲೆ 180 ಡಿಗ್ರಿಯಲ್ಲಿ ಒಂದು ನಿಮಿಷ ಮತ್ತೆ ಕರಿಯುವುದು. ನಡುವೆ ಒಳಗಿನ ತೇವ ಹೊರಪದರಕ್ಕೆ ಬಂದಿರುತ್ತದೆ, ಎರಡನೆಯ ಕಾವು ಅದನ್ನು ಓಡಿಸುತ್ತದೆ. ಒಮ್ಮೆ ಕರಿದುದಕ್ಕಿಂತ ಇದು ಹೆಚ್ಚು ಹೊತ್ತು ಗರಿಗರಿಯಾಗಿರುತ್ತದೆ. ಅಂದರೆ ಅರ್ಧ ಗಂಟೆ; ಅರ್ಧ ದಿನವಲ್ಲ.

ಕರಿದದ್ದನ್ನು ಎಲ್ಲಿ ಹಾಕುತ್ತೀರಿ ಎಂಬುದೂ ಮುಖ್ಯ. ಪಾತ್ರೆಯಲ್ಲಿ ರಾಶಿ ಹಾಕಿ ಮುಚ್ಚಿದರೆ ತನ್ನ ಆವಿಯಲ್ಲೇ ಬೇಯುತ್ತದೆ. ವೃತ್ತಪತ್ರಿಕೆಯ ಮೇಲೆ ಹಾಕುವ ಅಭ್ಯಾಸ ಬಿಡಬೇಕು, ಮುದ್ರಣದ ಮಸಿ ಆಹಾರಕ್ಕೆ ಹತ್ತುತ್ತದೆ. ಬಿದಿರಿನ ಜರಡಿಯ ಮೇಲೆ, ಅಡಿಯಿಂದಲೂ ಗಾಳಿಯಾಡುವ ಹಾಗೆ, ಒಂದರ ಮೇಲೊಂದು ಬೀಳದಂತೆ ಹರಡಿ.

ಇದನ್ನು ಪ್ಯಾಕೆಟ್ ಕಟ್ಟಿ ಮಾರಬಹುದೇ ಎಂದು ಕೆಲವು ಸಂಘದವರು ಕೇಳುತ್ತಾರೆ. ಬೇಡ. ಒಳಗೆ ನೀರು ಉಳಿದಿರುವ ತಿಂಡಿ ಇದು, ಪ್ಯಾಕೆಟಿನಲ್ಲಿ ಮೆತ್ತಗಾಗುತ್ತದೆ, ಕೆಡುತ್ತದೆ. ಪ್ಯಾಕೆಟಿಗೆ ಹಲಸಿನ ಚಿಪ್ಸ್, ಹಪ್ಪಳ ಇವೆಯಲ್ಲ. ಬಳೆ ಎದುರಿಗೇ ಕರಿದು ಕೊಡುವ ಸರಕು. ಮಾರುವವರು ಚಿಕ್ಕ ಪ್ರಮಾಣದವರಾದರೂ ಆಹಾರ ಸುರಕ್ಷತಾ ನೋಂದಣಿ ಮಾಡಿಸಿಕೊಳ್ಳಬೇಕು. ಒಂದೇ ಎಣ್ಣೆಯನ್ನು ವಾರಗಟ್ಟಲೆ ಕಾಯಿಸುವಂತಿಲ್ಲ. ಕರಿದ ಎಣ್ಣೆಯಲ್ಲಿ ಕೆಟ್ಟ ಅಂಶಗಳು, ಅಂದರೆ ಧ್ರುವೀಯ ಸಂಯುಕ್ತಗಳು, ಶೇಕಡಾ 25 ಮೀರಬಾರದೆಂಬ ನಿಯಮ 2018ರ ಜುಲೈಯಿಂದ ಜಾರಿಯಲ್ಲಿದೆ. ಅಳೆಯುವ ಉಪಕರಣ ಮನೆಯಲ್ಲಿರುವುದಿಲ್ಲ. ಎಣ್ಣೆ ಕಪ್ಪಾಗಿ, ಮಂದವಾಗಿ, ನೊರೆ ಕಟ್ಟಿದರೆ ಆಯಿತೆಂದು ತಿಳಿಯಿರಿ. ಪ್ರತಿ ದಿನ ತಣಿದ ಮೇಲೆ ಸೋಸಿಡಿ, ಉಳಿದ ಹಿಟ್ಟಿನ ಚೂರುಗಳೇ ಅದನ್ನು ಬೇಗ ಕೆಡಿಸುವುದು.

ಲೆಕ್ಕ ಇಡುವುದನ್ನು ಹೊಲದ ಪ್ರಯೋಗದಂತೆ ಮಾಡಿ. ಕರಿಯುವ ಮುನ್ನ ಎಣ್ಣೆ ತೂಗಿ, ಮುಗಿದ ಮೇಲೆ ತೂಗಿ. ಕಡಿಮೆಯಾದದ್ದು ಬಳೆಯೊಳಗೆ ಹೋದ ಎಣ್ಣೆ, ಅಂದರೆ ನಿಮ್ಮ ದುಡ್ಡು. ಈರುಳ್ಳಿಯ ಬೆಲೆ ಏರಿದಾಗ ಎಲ್ಲರೂ ಈರುಳ್ಳಿಯನ್ನೇ ಬೈಯುತ್ತಾರೆ. ಎಣ್ಣೆ ಮತ್ತು ಗ್ಯಾಸಿನ ಖರ್ಚು ಬರೆದು ನೋಡಿದವರಿಗೆ ಹಣ ಎಲ್ಲಿ ಸೋರುತ್ತದೆಂದು ತಿಳಿಯುತ್ತದೆ. ನಡುವಿನ ಚಿಕ್ಕ ತಿರುಳು, ಮುರಿದ ಬಳೆಗಳನ್ನು ಎಸೆಯಬೇಡಿ, ಪಕೋಡಕ್ಕೆ ಸೇರಿಸಿ.

ಕೊನೆಯದಾಗಿ, ವ್ರತದ ದಿನ, ಶ್ರಾದ್ಧದ ದಿನ, ಚಾತುರ್ಮಾಸ್ಯದಲ್ಲಿ ಈರುಳ್ಳಿ ಮುಟ್ಟದ ಮನೆಗಳು ಈ ಸೀಮೆಯಲ್ಲಿ ಬಹಳ. ಯಾತ್ರಿಕರಲ್ಲಿಯೂ ಹಲವರು ಅಂತಹವರೇ. ಅವರಿಗೆ ಇದೇ ಹಿಟ್ಟಿನಲ್ಲಿ ಬಾಳೆಕಾಯಿ ಬಿಲ್ಲೆ ಮಾಡಿಕೊಡಿ, ಆದರೆ ಎಣ್ಣೆ ಮತ್ತು ಬಾಣಲೆ ಬೇರೆಯಾಗಿರಲಿ. ಬಾಳೆಕಾಯಿಯಲ್ಲಿ ನೀರು ಈರುಳ್ಳಿಗಿಂತ ಕಡಿಮೆ, ಪಿಷ್ಟ ಹೆಚ್ಚು. ಹೆಚ್ಚಿದ ಬಿಲ್ಲೆಗಳನ್ನು ಮಜ್ಜಿಗೆ ನೀರಿನಲ್ಲಿ ಹಾಕಿಟ್ಟರೆ ಕಪ್ಪಾಗುವುದಿಲ್ಲ. ಬಟ್ಟೆಯಲ್ಲಿ ಒರೆಸಿ, ಈರುಳ್ಳಿಯ ಅರ್ಧ ದಪ್ಪಕ್ಕೆ ಕೊಯ್ದಿದ್ದರೆ ಅಷ್ಟೇ ಸಮಯದಲ್ಲಿ ಬೇಯುತ್ತವೆ.