ಕರೆಂಟಿಗೂ ಒಂದು ಪಾಳಿ ಇರಲಿ



ಇಪ್ಪತ್ತೈದು ವರ್ಷ ನಾವು ಇಲ್ಲಿ ಸಾಲ, ಬೀಜ, ಗೊಬ್ಬರದ ಮಾತು ಆಡಿಕೊಂಡು ಬಂದೀವಿ. ಈ ಬೆಳ್ಳಿಹಬ್ಬದ ದಿನ ಕರೆಂಟಿನ ಬಗ್ಗೆ ಎರಡು ಮಾತು ಹೇಳಬೇಕೆಂದು ನಿಂತಿದ್ದೇವೆ.

ನಮ್ಮ ಚೋರನೂರು ಹೋಬಳಿಯ ತರುಣನೊಬ್ಬ ಜಪಾನಿನಲ್ಲಿ ಕೆಲವು ವರ್ಷ ದುಡಿದು ಬಂದಾನೆ. ಅಲ್ಲಿ ಕಂಡದ್ದನ್ನು ನಮಗೆ ಹೇಳಿದ. ಅಲ್ಲಿನ ಮಂದಿ ಮೊದಲು ಹೊರಗೆ ಮೈ ತೊಳೆದುಕೊಂಡು ಆಮೇಲೆ ಬಿಸಿನೀರಿನ ತೊಟ್ಟಿಗೆ ಇಳಿಯುತ್ತಾರೆ. ಒಂದೇ ತೊಟ್ಟಿಯ ನೀರು ಮನೆಮಂದಿಗೆಲ್ಲ ಆಗುತ್ತದೆ. ಕಾವು ಆರದಂತೆ ನಡುನಡುವೆ ಮುಚ್ಚಳ ಹಾಕುತ್ತಾರೆ. ಉಳಿದ ನೀರು ಎಷ್ಟೋ ಮನೆಗಳಲ್ಲಿ ಬಟ್ಟೆ ಒಗೆಯೋದಕ್ಕೆ. ಚಳಿಗಾಲದಲ್ಲಿ ಗಿಡ್ಡ ಮೇಜಿನ ಕೆಳಗೆ ಸಣ್ಣ ಹೀಟರ್ ಇಟ್ಟು, ಮೇಲೆ ದಪ್ಪ ಕೌದಿ ಹೊದಿಸಿ, ಅದರೊಳಗೆ ಕಾಲು ಚಾಚಿ ಎಲ್ಲರೂ ಕೂಡುತ್ತಾರೆ. ಇಡೀ ಮನೆ ಯಾಕೆ ಕಾಸಬೇಕು, ಮನುಷ್ಯರು ಬೆಚ್ಚಗಿದ್ದರೆ ಸಾಕಲ್ಲ ಎಂಬ ಲೆಕ್ಕ. ಅದೇನು ಬಡ ದೇಶವಲ್ಲ.

2011ರ ಮಾರ್ಚಿಯಲ್ಲಿ ಅಲ್ಲಿ ಭೂಕಂಪ, ಸುನಾಮಿ ಆಗಿ ಫುಕುಶಿಮಾ ಅಣುಸ್ಥಾವರ ಹಾಳಾಯಿತು. ಕರೆಂಟು ಸಾಲದಾಯಿತು. ಆ ಬೇಸಿಗೆಗೆ ಟೋಕಿಯೋ ಕಡೆಯ ದೊಡ್ಡ ಬಳಕೆದಾರರು ನೂರಕ್ಕೆ 15ರಷ್ಟು ಕಡಿಮೆ ಮಾಡಬೇಕೆಂದು ಸರ್ಕಾರ ಕಟ್ಟು ಮಾಡಿತು. ಕಾರು ತಯಾರಿಸುವ ಕಾರ್ಖಾನೆಗಳು ಗುರುವಾರ-ಶುಕ್ರವಾರ ರಜೆ ಕೊಟ್ಟು ಶನಿವಾರ-ಭಾನುವಾರ ದುಡಿದವು. ಎಲ್ಲರೂ ಒಂದೇ ಹೊತ್ತಿಗೆ ಕರೆಂಟು ಎಳೆಯಬಾರದೆಂದು ಪಾಳಿ ಹಂಚಿಕೊಂಡರು.

ಈ ಪಾಳಿಯ ಮಾತೇ ನಮಗೆ ಬೇಕಾದದ್ದು. ಕೆರೆ ನೀರಿಗೆ ಪಾಳಿ ಕಟ್ಟಿದ ಹಿರಿಯರ ಮಕ್ಕಳು ನಾವು. 10 ಹೆಚ್.ಪಿ.ವರೆಗಿನ ಪಂಪ್‌ಸೆಟ್ಟಿಗೆ 2008ರಿಂದ ಕರೆಂಟು ಪುಕ್ಕಟೆ. ಸರಹೊತ್ತಿನಲ್ಲಿ ಕರೆಂಟು ಬಂದರೆ ಹಾವು-ಚೇಳಿನ ನಡುವೆ ಹೊಲಕ್ಕೆ ಯಾರು ಹೋಗಬೇಕು ಅಂತ ಬಹಳ ಮಂದಿ ಆಟೋ ಸ್ಟಾರ್ಟರ್ ಹಾಕಿರ್ತಾರೆ. ಅದು ನ್ಯಾಯವೇ. ಆದರೆ ಕರೆಂಟು ಬಂದ ಕೂಡಲೇ ಒಂದು ಟಿ.ಸಿ. ಮೇಲಿನ ಮೋಟಾರೆಲ್ಲ ಒಮ್ಮೆಗೇ ಏಳ್ತಾವು. ವೋಲ್ಟೇಜ್ ಬೀಳ್ತೈತಿ, ಮೋಟಾರು ಸುಡ್ತೈತಿ, ಕಡೆಗೆ ಟಿ.ಸಿ.ಯೂ ಸುಡ್ತೈತಿ. ಬೇರೆ ಟಿ.ಸಿ. ಬರೋ ತನಕ ಮೆಕ್ಕೆಜೋಳ ಕಾಯ್ತೈತೇನು? ಕರೆಂಟು ಪುಕ್ಕಟೆ ಇರಬಹುದು, ವೈಂಡಿಂಗು ಪುಕ್ಕಟೆ ಅಲ್ಲ, ಬೋರಿನ ನೀರೂ ಪುಕ್ಕಟೆ ಅಲ್ಲ.

ಲೆಕ್ಕ ನೋಡಿ. 5 ಹೆಚ್.ಪಿ. ಮೋಟಾರು ತಾಸಿಗೆ 4 ಯೂನಿಟ್ ಮೇಲೆ ತಿಂತೈತಿ. ಒಂದು ರಾತ್ರಿ 4 ತಾಸು ಸುಮ್ಮನೆ ಓಡಿದ ಕರೆಂಟಿನಲ್ಲಿ 9 ವ್ಯಾಟಿನ ಎಲ್‌ಇಡಿ ಬಲ್ಬು ದಿನಕ್ಕೆ 5 ತಾಸಿನಂತೆ ಹತ್ತಿರ ಹತ್ತಿರ ವರ್ಷ ಉರಿಯುತ್ತದೆ.

ಅದಕ್ಕೆ ನಮ್ಮ ಬಿನ್ನಹ ಇಷ್ಟೇ. ಒಂದೊಂದು ಟಿ.ಸಿ.ಯ ರೈತರು ಕೂಡಿ ಕುಂತು ಪಾಳಿ ಬರೆದುಕೊಳ್ಳಲಿ. ಆಟೋ ಬೇಕೇ ಬೇಕು ಅನ್ನುವವರು ಟೈಮರ್ ಹಾಕಿಸಿ, ಒಬ್ಬರ ಮೋಟಾರು ಎದ್ದು ಸ್ವಲ್ಪ ಹೊತ್ತಾದ ಮೇಲೆ ಇನ್ನೊಬ್ಬರದು ಏಳುವಂತೆ ಇಟ್ಟುಕೊಳ್ಳಲಿ. ಮೋಟಾರಿಗೆ ತಕ್ಕ ಕೆಪಾಸಿಟರ್ ಕೂಡಿಸಿದರೆ ಟಿ.ಸಿ. ಮೇಲಿನ ಭಾರವೂ ಇಳಿಯುತ್ತದೆ.

ಒಬ್ಬರಿಗೊಬ್ಬರು ಜಾಮೀನು ನಿಂತು ಬೆಳೆಸಿದ ಸಂಘ ಇದು. ಸಾಲಕ್ಕೆ ನಿಂತವರು ಸ್ಟಾರ್ಟರಿಗೂ ನಿಲ್ಲೋಣ.