ದೂರದಿಂದ ಕೊಂಡ ಕವಚ

ಮೂವತ್ತು ವರ್ಷಗಳ ಕಾಲ ತರಗತಿಗಳಲ್ಲಿ ಯುದ್ಧವರ್ಣನೆಯ ಪದ್ಯಗಳನ್ನು ವಿವರಿಸುತ್ತ, ‘ಜೋಡು’ ಎಂದರೆ ಕವಚ, ‘ಸೀಸಕ’ ಎಂದರೆ ಶಿರಸ್ತ್ರಾಣ ಎಂದು ಅರ್ಥ ಹೇಳಿ ಮುಂದಿನ ಪದ್ಯಕ್ಕೆ ಸಾಗುತ್ತಿದ್ದವನು ನಾನು. ಆ ವಸ್ತುಗಳಿಗೆ ತೂಕವುಂಟು, ಅಳತೆಯುಂಟು, ಕೊಂಡವನ ಕೈ ಸುಡುವ ಬೆಲೆಯುಂಟು ಎಂಬುದು ನನಗೆ ಮನವರಿಕೆಯಾದದ್ದು ನಿವೃತ್ತಿಯ ಅನಂತರ, ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿರುವ ಮಗಳ ಮನೆಯಲ್ಲಿ.

ಅಲ್ಲಿ ‘ರೆನೆಸಾನ್ಸ್ ಜಾತ್ರೆ’ ಎಂಬುದೊಂದುಂಟು. ಐದಾರು ಶತಮಾನಗಳ ಹಿಂದಿನ ಯೂರೋಪಿನ ಉಡುಗೆ ತೊಟ್ಟು ಜನ ಅಲ್ಲಿಗೆ ಹೋಗಿ ಇಡೀ ದಿನ ಅಡ್ಡಾಡಿ ಬರುತ್ತಾರೆ. (ನಮ್ಮ ನವೋದಯಕ್ಕೆ ಇಂಥ ಭಾಗ್ಯವಿಲ್ಲ; ಅದು ಪರೀಕ್ಷೆಯ ಪ್ರಶ್ನೆಯಾಗಿ ಉಳಿದಿದೆ.) ಇಂಥ ಮೊದಲ ಜಾತ್ರೆಯನ್ನು 1963ರಲ್ಲಿ ಲಾಸ್ ಏಂಜಲಿಸ್‌ನಲ್ಲಿ ನಡೆಸಿದವರು ಫಿಲಿಸ್ ಪ್ಯಾಟರ್‌ಸನ್ ಎಂಬ ಅಧ್ಯಾಪಕಿ ಮತ್ತು ಅವರ ಪತಿ ರಾನ್. ಉದ್ದೇಶ, ಕೆ.ಪಿ.ಎಫ್.ಕೆ. ಎಂಬ ಬಾನುಲಿ ನಿಲಯಕ್ಕೆ ಹಣ ಕೂಡಿಸುವುದು! ಕೇಳುಗ ಮಿತ್ರರಿಗೆ ಇದನ್ನು ಬಾನುಲಿಯಿಂದಲೇ ತಿಳಿಸುವುದು ನನಗೊಂದು ಸಂತೋಷ. ಟೆಕ್ಸಾಸಿನ ಜಾತ್ರೆ 1974ರಲ್ಲಿ ಆರಂಭವಾಯಿತು. ಹ್ಯೂಸ್ಟನ್ ನಗರದ ವಾಯವ್ಯಕ್ಕೆ, ಶರತ್ಕಾಲದ ವಾರಾಂತ್ಯಗಳಲ್ಲಿ ಅದು ನೆರೆಯುತ್ತದೆ.

ಹದಿನೇಳರ ಮೊಮ್ಮಗ ಈ ಜಾತ್ರೆಗೆ ಯೋಧನಾಗಿ ಹೋಗಬೇಕೆಂದು ಬಯಸಿದ. ರಜೆಯಲ್ಲಿ ಅಂಗಡಿಯೊಂದರಲ್ಲಿ ದುಡಿದು ಕೂಡಿಟ್ಟ ಹಣವನ್ನೆಲ್ಲ ಅಂತರ್ಜಾಲದ ಮೂಲಕ ಒಂದು ಉಕ್ಕಿನ ಎದೆಗವಚಕ್ಕೆ ಸುರಿಯಲು ಹೊರಟ. “ಅಜ್ಜ, ನನ್ನ ಅಂಗಿ ಮಧ್ಯಮ ಅಳತೆಯದು. ಕವಚವೂ ಮಧ್ಯಮವೇ ಅಲ್ಲವೆ?” ಎಂದು ಕೇಳಿದ. ಯುದ್ಧಕಾವ್ಯಗಳ ಪಂಡಿತನಾದ ನಾನು ಹೌದೆಂದುಬಿಟ್ಟೆ.

ಅಲ್ಲಿ ತಪ್ಪಿದ್ದು ನಾನು. ಅಂಗಿಯ ಬಟ್ಟೆ ಮೈಗೆ ಬಾಗುತ್ತದೆ, ಉಕ್ಕು ಬಾಗುವುದಿಲ್ಲ. ಎದೆಗವಚ ಸೊಂಟದ ಸಣ್ಣ ಭಾಗದಲ್ಲಿಯೇ, ಹೊಕ್ಕುಳಿಗಿಂತ ತುಸು ಮೇಲೆ, ಮುಗಿಯಬೇಕು. ಅದಕ್ಕಿಂತ ಕೆಳಗಿಳಿದರೆ, ಧರಿಸಿದವನು ಕುಳಿತೊಡನೆ ತೊಡೆಗಳು ಅದನ್ನು ಮೇಲಕ್ಕೆ ತಳ್ಳುತ್ತವೆ, ಅಂಚು ಗಂಟಲಿಗೆ ಒತ್ತುತ್ತದೆ. ಇನ್ನೊಂದು ಮಾತು: ಕವಚವನ್ನು ಬರಿ ಅಂಗಿಯ ಮೇಲೆ ತೊಡುವಂತಿಲ್ಲ. ಒಳಗೆ ಪದರ ಪದರವಾಗಿ ಹೊಲಿದ ದಪ್ಪ ಅಂಗಿ ಬೇಕು. ಅದನ್ನು ಗ್ಯಾಂಬಿಸನ್ ಎನ್ನುತ್ತಾರೆ. ನಮ್ಮ ಕೌದಿಗೆ ತೋಳು ಹಚ್ಚಿದಂತಿರುತ್ತದೆ. ಆದ್ದರಿಂದ ಎದೆಯ ಸುತ್ತಳತೆಯನ್ನು ಆ ಅಂಗಿ ತೊಟ್ಟ ಮೇಲೆಯೇ ತೆಗೆಯತಕ್ಕದ್ದು. ಅಳತೆಯ ಚಿಂತೆಯಿಲ್ಲದೆ ಕವಚ ತೊಟ್ಟವನು ಕರ್ಣನೊಬ್ಬನೇ. ಅದು ಅವನೊಡನೆಯೇ ಹುಟ್ಟಿತ್ತು.

ಉಕ್ಕಿನ ದಪ್ಪವನ್ನು ಗೇಜ್ ಎಂಬ ಸಂಖ್ಯೆಯಿಂದ ಸೂಚಿಸುತ್ತಾರೆ. ಸಂಖ್ಯೆ ಹೆಚ್ಚಿದಷ್ಟೂ ತಗಡು ತೆಳುವಾಗುತ್ತದೆ: 16 ಗೇಜ್ ಎಂದರೆ ಸುಮಾರು ಒಂದೂವರೆ ಮಿಲಿಮೀಟರ್, 18 ಗೇಜ್ ಎಂದರೆ ಸುಮಾರು 1.2 ಮಿಲಿಮೀಟರ್. ಅಡ್ಡಾಡಲಷ್ಟೇ ಬೇಕಾದವನಿಗೆ ತೆಳುವಾದುದೇ ಲೇಸು. ನಿಜವಾದ ಯುದ್ಧಗಳ ಕಾಲದಲ್ಲಿ ಅಡಿಯಿಂದ ಮುಡಿಯವರೆಗಿನ ಕವಚ ಹದಿನೈದರಿಂದ ಇಪ್ಪತ್ತೈದು ಕಿಲೋಗ್ರಾಂ ತೂಗುತ್ತಿತ್ತು.

ಕಾಣದ ಕೈಯಿಂದ ಕವಚ ಕೊಳ್ಳುವುದು ಹೊಸ ಸಂಗತಿಯೇನಲ್ಲ. 14ನೆಯ ಶತಮಾನದಲ್ಲಿ ಪ್ರಾತೋ ನಗರದ ಫ್ರಾಂಚೆಸ್ಕೋ ದತೀನಿ ಎಂಬ ವರ್ತಕ, ಆವಿನ್ಯೋನಿನಲ್ಲಿ ಅಂಗಡಿ ಹೂಡಿ, ಮಿಲಾನಿನಿಂದ ಕವಚಗಳನ್ನು ತರಿಸಿ ಮಾರುತ್ತಿದ್ದ. ಶ್ರೀಮಂತರು ಕಮ್ಮಾರನಿಗೆ ಮೈಯಳತೆ ಕೊಟ್ಟು ಮಾಡಿಸಿಕೊಂಡರೆ, ಸಾಮಾನ್ಯ ಸೈನಿಕನಿಗೆ ಸಿದ್ಧವಾಗಿ ರಾಶಿ ಬಿದ್ದದ್ದೇ ಗತಿ. ನನ್ನ ಮೊಮ್ಮಗ ಈ ಎರಡನೆಯ ಪಂಗಡದವನು.

ಪೆಟ್ಟಿಗೆ ಬಂತು. ಬಿಚ್ಚಿದರೆ ಕವಚ ನಾಲ್ಕು ಬೆರಳು ಉದ್ದ, ಪಕ್ಕದ ಚರ್ಮದ ಪಟ್ಟಿಗಳು ಮೋಟು, ಒಳಬದಿಯಲ್ಲಿ ಆಗಲೇ ತುಕ್ಕಿನ ಚುಕ್ಕೆ. ಹಿಂದಿರುಗಿಸುವ ಸಾಗಣೆಯ ವೆಚ್ಚ ಕೊಂಡವನ ತಲೆಯ ಮೇಲೆ ಎಂದು ಮಾರಿದವರು ಬರೆದಿದ್ದರು. ಅದನ್ನು ನಾವು ಓದಿರಲಿಲ್ಲ. ಪೆಟ್ಟಿಗೆಯ ತಳದ ಚೀಟಿಯಲ್ಲಿ ‘ಭಾರತದಲ್ಲಿ ತಯಾರಿಸಿದ್ದು’ ಎಂದಿತ್ತು. ಡೆಹ್ರಾಡೂನಿನಲ್ಲಿ ಇಂಥ ಕತ್ತಿ ಕವಚಗಳನ್ನು ತಯಾರಿಸಿ ಪರದೇಶಗಳಿಗೆ ಕಳಿಸುವ ಉದ್ಯಮವಿದೆಯೆಂದು ಆಮೇಲೆ ತಿಳಿಯಿತು. ನಮ್ಮ ದೇಶದ ಕಮ್ಮಾರ ಬಡಿದ ಕವಚವನ್ನು ನಮ್ಮ ಹುಡುಗ ಯೂರೋಪಿನ ಯೋಧನಾಗಲು ಅಮೆರಿಕದಲ್ಲಿ ಕೊಂಡಿದ್ದ!

ಹುಡುಗ ಅಂದು ರಾತ್ರಿ ಊಟ ಮಾಡಲಿಲ್ಲ. ನನಗೂ ತುತ್ತು ಇಳಿಯಲಿಲ್ಲ. ಮರುದಿನ ನನ್ನ ಹೆಂಡತಿ ಮೂರು ಹಳೆಯ ಹತ್ತಿಯ ಸೀರೆಗಳನ್ನು ಮಡಿಸಿ, ಕೌದಿ ಹೊಲಿಯುವಂತೆಯೇ ಒಳಂಗಿಯೊಂದನ್ನು ಹೊಲಿಯಲು ಕುಳಿತಳು. ನಾನು ಎಣ್ಣೆಬಟ್ಟೆಯಿಂದ ತುಕ್ಕು ಉಜ್ಜಿದೆ. ಸಾಧಾರಣ ಉಕ್ಕಿಗೆ ಬೆವರೇ ಶತ್ರು. ತೊಟ್ಟು ತೆಗೆದಾಗಲೆಲ್ಲ ಒರೆಸಿ ಎಣ್ಣೆ ಸವರಬೇಕು. ಪಟ್ಟಿಗಳನ್ನು ಉದ್ದ ಮಾಡುವುದು ಸಾಧ್ಯವಾಯಿತು, ಕವಚವನ್ನು ಗಿಡ್ಡ ಮಾಡುವುದು ಮಾತ್ರ ಆಗಲಿಲ್ಲ.

ಆದ್ದರಿಂದ ಮೊಮ್ಮಗ ಜಾತ್ರೆಯಲ್ಲಿ ಬೆಳಗಿನಿಂದ ಸಂಜೆಯವರೆಗೆ ಕೂರಲೇ ಇಲ್ಲ. ಊಟವನ್ನೂ ನಿಂತೇ ಮಾಡಿದ. ಅಪರಿಚಿತರು ಅವನೊಡನೆ ಚಿತ್ರ ತೆಗೆಸಿಕೊಳ್ಳುವಾಗ, ಸೀರೆಯ ಅಂಚು ಕೊರಳ ಬಳಿ ಕೆಂಪಾಗಿ ಕಾಣುತ್ತಿತ್ತು. ಮುಂದಿನ ವರ್ಷ ತೋಳುಗಳಿಗೂ ಕವಚ ಬೇಕೆಂದಿದ್ದಾನೆ. ಅಳತೆಯ ಟೇಪನ್ನು ಅಜ್ಜಿ ತನ್ನ ಬಳಿಯೇ ಇಟ್ಟುಕೊಂಡಿದ್ದಾಳೆ. ನನ್ನನ್ನು ಯಾರೂ ಕೇಳಿಲ್ಲ.